ನಡುಗುವವರು, ಕಡಿಯುವವರು

ಬಂಟ್ವಾಳ ತಾಲೂಕಿನ ಸಜೀಪಮೂಡ ಗ್ರಾಮದ ಪಣೋಲಿಬೈಲಿಗೆ ಜನ ಕಲ್ಲುರ್ಟಿಯ ಅಗೇಲು ಸೇವೆಗೆಂದು ಬರುತ್ತಾರೆ. ಚಿನ್ನ ಕಳೆದುಕೊಂಡವರು, ಜಾಗದ ತಕರಾರಿನಲ್ಲಿ ಸೋತವರು, ಮನೆಯಲ್ಲಿ ಯಾರಿಗೋ ‘ಮಂಡೆ ಸಮ ಇಲ್ಲ’ ಎಂದು ಕಂಗಾಲಾದವರು, ಹೀಗೆ ಎಲ್ಲ ಬಗೆಯವರೂ ಆ ಸಾಲಿನಲ್ಲಿರುತ್ತಾರೆ. ಅವರು ಕೈಮುಗಿಯುವ ಕಲ್ಲುರ್ಟಿ ಯಾರೆಂದು ಪಾಡ್ದನವನ್ನು ಕೇಳಿದರೆ, ಅದು ಒಬ್ಬ ಶಿಲ್ಪಿಯ ತಂಗಿಯ ಕಥೆ ಹೇಳುತ್ತದೆ.

ಅಣ್ಣ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದ. ಮೂರ್ತಿ ಮುಗಿಯಿತು, ಅರಸನಿಗೆ ಹಿಗ್ಗಾಯಿತು. ಇಂಥ ಮೂರ್ತಿ ಇನ್ನೊಂದು ಊರಿನಲ್ಲಿ ಏಳಬಾರದು ಎಂಬ ಆಸೆಗೆ ಬಿದ್ದ ಅರಸ, ಕಲ್ಕುಡನ ಎಡಗೈ ಮತ್ತು ಬಲಗಾಲನ್ನು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಅಜಿಲರ ಅರಸನಿಗಾಗಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಸ್ಥಿತಿ ನೋಡಿ ಉರಿದುಹೋದಳು. ಇಬ್ಬರೂ ಮಾಯಕವಾಗಿ ದೈವಗಳಾದರು. ಕಾರ್ಕಳದ ಅರಮನೆಗೆ ಬೆಂಕಿ, ಉಪದ್ರವ, ನಿದ್ದೆಯಿಲ್ಲದ ರಾತ್ರಿಗಳು ಬಂದವು. ಕೊನೆಗೆ ಅರಸನೇ ಸೋತು ಅವರಿಗೆ ಸ್ಥಾನ ಕೊಡಬೇಕಾಯಿತು.

ಕಾರ್ಕಳದ 42 ಅಡಿ ಎತ್ತರದ ಗೊಮ್ಮಟ ಸ್ಥಾಪನೆಯಾದದ್ದು 1432ರಲ್ಲಿ. ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟನದ್ದು 1604. ನಡುವೆ 172 ವರ್ಷ. ಎರಡನ್ನೂ ಒಬ್ಬನೇ ಶಿಲ್ಪಿ ಕಡೆದಿರಲು ಸಾಧ್ಯವಿಲ್ಲ. ಪಾಡ್ದನಕ್ಕೆ ಇಸವಿಯ ಲೆಕ್ಕ ಬೇಕಾಗಿಲ್ಲ, ಅದು ಇಡುವ ಲೆಕ್ಕ ಬೇರೆ. ಧರ್ಮದ ಹೆಸರಿನಲ್ಲಿ ಎದ್ದ ಮಹಾಮೂರ್ತಿಯ ಬುಡದಲ್ಲಿ ಕಡಿದ ಕೈಯೊಂದು ಬಿದ್ದಿದೆ ಎಂದು ಅದು ನೆನಪಿಡುತ್ತದೆ. ತ್ಯಾಗದ ಪರಮ ಆದರ್ಶವಾದ ಬಾಹುಬಲಿಯನ್ನು ನಿಲ್ಲಿಸಿದ ಅರಸನಿಗೇ, ನನ್ನದು ಮಾತ್ರ ಉಳಿಯಬೇಕು ಎಂಬ ಹುಚ್ಚು ಹಿಡಿಯಿತು. ಈ ಹುಚ್ಚನ್ನು ಪಾಡ್ದನ ಅರಮನೆಯೊಳಗೆ ಗುರುತಿಸುತ್ತದೆ. ಕೋಲದ ರಾತ್ರಿ ಗಗ್ಗರ ಕಟ್ಟಿ ನಡುಗುವ ದೇಹ ಅನ್ಯಾಯಕ್ಕೆ ಒಳಗಾದವರ ದೇಹ. ಕಡಿಸಿದವನು ಬೇರೆ, ನಡುಗುವವನು ಬೇರೆ.

ಹದಿನೆಂಟನೆಯ ಶತಮಾನದ ಯುರೋಪಿನ ಚಿತ್ರ ಮತ್ತು ಬರವಣಿಗೆಯನ್ನು ನೋಡುವಾಗ ಈ ಭೇದ ನನಗೆ ಮತ್ತೆಮತ್ತೆ ಎದುರಾಗುತ್ತದೆ. ಧರ್ಮಾಂಧತೆ ಎಂದರೇನು, ಅದು ಹುಚ್ಚಿನ ಒಂದು ಬಗೆಯೇ ಎಂದು ಆ ಶತಮಾನ ಕೇಳಿದಷ್ಟು ತೀವ್ರವಾಗಿ ಬೇರೆ ಯಾವ ಕಾಲವೂ ಕೇಳಿರಲಿಕ್ಕಿಲ್ಲ. ಹಿಂದಿನ ನೂರೈವತ್ತು ವರ್ಷ ಮತಯುದ್ಧಗಳಲ್ಲಿ ಬೆಂದ ಸಮಾಜಕ್ಕೆ ಆ ಪ್ರಶ್ನೆ ಜೀವನ್ಮರಣದ್ದಾಗಿತ್ತು. ಜೊನಾಥನ್ ಸ್ವಿಫ್ಟ್ 1704ರ ‘ಎ ಟೇಲ್ ಆಫ್ ಎ ಟಬ್’ ಕೃತಿಯಲ್ಲಿ ದೈವಪ್ರೇರಣೆ ಎನ್ನುವುದು ಬರೀ ಗಾಳಿ, ಹೊಟ್ಟೆಯಿಂದ ತಲೆಗೇರಿದ ಆವಿ ಎಂದು ಲೇವಡಿ ಮಾಡಿದ. ಅದೇ ಪುಸ್ತಕದಲ್ಲಿ ಹುಚ್ಚಿನ ಬಗ್ಗೆಯೇ ಒಂದು ಅಧ್ಯಾಯವಿದೆ. ಫ್ರಾನ್ಸಿನಿಂದ ಓಡಿಬಂದ ಕೆಲವು ಪ್ರಾಟೆಸ್ಟಂಟರು ಲಂಡನ್ನಿನ ಬೀದಿಗಳಲ್ಲಿ ನಡುಗುತ್ತ ಭವಿಷ್ಯ ನುಡಿಯತೊಡಗಿದಾಗ, ಇಂಗ್ಲಿಷ್ ಚಿಂತಕ ಶಾಫ್ಟ್ಸ್‌ಬರಿ 1708ರಲ್ಲಿ ಪತ್ರರೂಪದ ಪ್ರಬಂಧ ಬರೆದು ಅವರನ್ನು ಜೈಲಿಗೆ ಹಾಕಬೇಡಿ, ನಗೆಗೆ ಬಿಡಿ ಎಂದ. ಪ್ಯಾರಿಸಿನಲ್ಲಿ 1727ರಲ್ಲಿ ತೀರಿಕೊಂಡ ಒಬ್ಬ ಧರ್ಮಸೇವಕನ ಸಮಾಧಿಯ ಮೇಲೆ ಜನ ಹೊರಳಾಡಿ ನಡುಗತೊಡಗಿದರು. 1732ರಲ್ಲಿ ಸರ್ಕಾರ ಆ ಸ್ಮಶಾನದ ಬಾಗಿಲನ್ನೇ ಮುಚ್ಚಿತು.

ಈ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತಂದವನು ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೊಗಾರ್ತ್. 1762ರ ಮಾರ್ಚ್ 15ರಂದು ಅವನು ಪ್ರಕಟಿಸಿದ ಮುದ್ರಣಚಿತ್ರದ ಹೆಸರು ‘ಕ್ರೆಡ್ಯುಲಿಟಿ, ಸೂಪರ್‌ಸ್ಟಿಷನ್ ಅಂಡ್ ಫನಾಟಿಸಿಸಂ’. ಇಗರ್ಜಿಯ ಒಳಗೆ ಬೋಧಕ ಬಾಯಿಬಿಟ್ಟು ಅರಚುತ್ತಿದ್ದಾನೆ. ಅವನ ನಿಲುವಂಗಿ ಸರಿದು ಒಳಗಿನ ವಿದೂಷಕನ ಬಣ್ಣಬಣ್ಣದ ಬಟ್ಟೆ ಕಾಣುತ್ತಿದೆ, ಕೈಯಲ್ಲಿ ಮಾಟಗಾತಿಯ ಮತ್ತು ಸೈತಾನನ ಬೊಂಬೆಗಳಿವೆ. ಕೆಳಗೆ ಜನ ಕಣ್ಣು ಮೇಲೆ ಮಾಡಿಕೊಂಡು ಮೂರ್ಛೆ ಹೋಗುತ್ತಿದ್ದಾರೆ. ಮೊಲಗಳನ್ನು ಹೆತ್ತೆ ಎಂದು 1726ರಲ್ಲಿ ಇಂಗ್ಲೆಂಡನ್ನು ಬೆರಗುಗೊಳಿಸಿದ ಮೇರಿ ಟಾಫ್ಟ್ ಒಂದು ಮೂಲೆಯಲ್ಲಿ ಬಿದ್ದಿದ್ದಾಳೆ. ಬಲಗಡೆ ಒಂದು ಉಷ್ಣಮಾಪಕ. ಅದು ನಿಂತಿರುವುದು ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ಪ್ರವಚನಗಳ ಮೇಲೆ ಮತ್ತು ಮಾಟದ ಕುರಿತ ಒಂದು ಗ್ರಂಥದ ಮೇಲೆ. ಪಾದರಸ ಏರಿದರೆ ಕಾಮ, ಪರವಶತೆ, ಸೆಳವು, ಹುಚ್ಚು, ಉನ್ಮಾದ. ಇಳಿದರೆ ದುಃಖ, ಹತಾಶೆ, ಮತ್ತೆ ಹುಚ್ಚು, ತಳದಲ್ಲಿ ಆತ್ಮಹತ್ಯೆ. ಭಕ್ತಿ ಬಿಸಿಯಾದರೂ ಹುಚ್ಚು, ತಣ್ಣಗಾದರೂ ಹುಚ್ಚು. ನಂಬಿಕೆಗೆ ಹೊಗಾರ್ತ್ ಉಳಿಸಿದ ಜಾಗ ನಡುವಿನ ಒಂದೆರಡು ಗೆರೆ ಮಾತ್ರ.

ಚಿತ್ರವಾಗಿ ಅದು ಅಸಾಧಾರಣ. ಗೆರೆಯ ಚುರುಕು, ಮುಖಗಳ ವೈವಿಧ್ಯ, ಒಂದೊಂದು ಮೂಲೆಯಲ್ಲೂ ಇಟ್ಟ ಸಮಕಾಲೀನ ಸುದ್ದಿ, ಇವನ್ನು ನೋಡಿ ಮುಗಿಸಲಾಗದು. ಉಷ್ಣಮಾಪಕದ ತುದಿಯಲ್ಲಿರುವ ಕಾಕ್ ಲೇನ್ ಭೂತವಂತೂ ಅದೇ ವರ್ಷದ ಆರಂಭದಲ್ಲಿ ಲಂಡನ್ನನ್ನು ನಿದ್ದೆಗೆಡಿಸಿದ್ದ ಪ್ರಕರಣ. ಆದರೂ ಆ ಚಿತ್ರದಲ್ಲಿ ನನಗೊಂದು ದೊಡ್ಡ ಕೊರತೆ ಕಾಣುತ್ತದೆ. ಅದು ಪ್ರಕಟವಾಗುವ ಐದು ದಿನ ಮೊದಲು, ಮಾರ್ಚ್ 10ರಂದು, ಫ್ರಾನ್ಸಿನ ತುಲೂಸ್ ನಗರದಲ್ಲಿ ಜಾನ್ ಕಲಾಸ್ ಎಂಬ ಬಟ್ಟೆ ವ್ಯಾಪಾರಿಯನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಮಗ ಕ್ಯಾಥೊಲಿಕ್ ಪಂಥಕ್ಕೆ ಸೇರದಂತೆ ತಡೆಯಲು ಅವನನ್ನು ಕೊಂದ ಎಂಬುದು ಪ್ರಾಟೆಸ್ಟಂಟನಾಗಿದ್ದ ಕಲಾಸ್ ಮೇಲಿನ ಆರೋಪ. ಆ ಆರೋಪ ಸುಳ್ಳೆಂದು ವಾಲ್ಟೇರ್ ಹೋರಾಡಿದ, 1763ರಲ್ಲಿ ಸಹಿಷ್ಣುತೆಯ ಕುರಿತು ಗ್ರಂಥ ಬರೆದ. 1765ರಲ್ಲಿ ಕಲಾಸ್ ನಿರಪರಾಧಿ ಎಂದು ತೀರ್ಪು ಬಂತು. ತುಲೂಸಿನಲ್ಲಿ ಯಾರೂ ಮೂರ್ಛೆ ಹೋಗಿರಲಿಲ್ಲ. ನ್ಯಾಯಾಧೀಶರು ಗೌನು ತೊಟ್ಟು, ದಾಖಲೆ ಓದಿ, ಮತ ಹಾಕಿ ಕೊಲ್ಲಿಸಿದರು. ಧರ್ಮಾಂಧತೆ ತಣ್ಣನೆಯ ತಲೆಯಲ್ಲಿ, ಪೀಠದ ಮೇಲೆ ಕುಳಿತು ಕೆಲಸ ಮಾಡಿತು. ಹೊಗಾರ್ತನ ಉಷ್ಣಮಾಪಕದಲ್ಲಿ ಆ ನ್ಯಾಯಾಧೀಶರನ್ನು ಅಳೆಯುವ ಗೆರೆಯೇ ಇಲ್ಲ.

ನಡುಗುವ ದೇಹ ಮತ್ತು ಕಡಿಯುವ ಕೈ, ಎರಡನ್ನೂ ಆ ಶತಮಾನ ಒಂದೇ ಹೆಸರಿನಿಂದ ಕರೆಯಿತು. ಅದರ ಬೆಲೆ ತೆತ್ತವರು ನಡುಗಿದವರು. ಕವಿ ಕ್ರಿಸ್ಟೋಫರ್ ಸ್ಮಾರ್ಟ್ ಬೀದಿಯಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ, ಸಿಕ್ಕವರನ್ನೂ ಪ್ರಾರ್ಥಿಸಲು ಎಳೆಯುತ್ತಿದ್ದ. 1757ರಿಂದ 1763ರವರೆಗಿನ ಬಹುಪಾಲನ್ನು ಅವನು ಹುಚ್ಚಾಸ್ಪತ್ರೆಗಳಲ್ಲಿ ಕಳೆದ. ಅಲ್ಲಿಯೇ ಬರೆದ ‘ಜೂಬಿಲೇಟ್ ಆಗ್ನೊ’ದಲ್ಲಿ ತನ್ನ ಬೆಕ್ಕು ಜೆಫ್ರಿಯನ್ನೂ ದೇವರ ಸ್ತುತಿಯ ಪಾಲುದಾರನನ್ನಾಗಿ ಮಾಡಿದ್ದಾನೆ. ಅದು ಅಚ್ಚಾದದ್ದು 1939ರಲ್ಲಿ. ಸ್ಮಾರ್ಟ್ ಯಾರಿಗೂ ಕೇಡು ಮಾಡುವವನಲ್ಲ, ಅವನನ್ನು ಕೂಡಿಹಾಕಬೇಕಾಗಿರಲಿಲ್ಲ ಎಂಬುದು ಸ್ಯಾಮ್ಯುಯೆಲ್ ಜಾನ್ಸನ್ನನ ಅಭಿಪ್ರಾಯ. ಆ ಕಾಲದವರ ಮಾತುಗಳಲ್ಲಿ ನನಗೆ ಅತ್ಯಂತ ಮಾನವೀಯ ಎನಿಸುವುದು ಅದೇ.

ಅದೇ ಶತಮಾನದಲ್ಲಿ ನಮ್ಮ ನೆಲವೂ ಕಡಿಯುವ ಕೈಯನ್ನು ಕಂಡಿತು. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ಯಾಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಮಂದಿ ಸತ್ತರು, ಇಗರ್ಜಿಗಳನ್ನು ಕೆಡವಲಾಯಿತು. ಇದು ಮತದ ಆವೇಶವೋ, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ರಾಜಕೀಯ ಸೇಡೋ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಸೆರೆಯಾದವರ ಸಂಖ್ಯೆಯ ಬಗ್ಗೆಯೂ ಇಲ್ಲ. ನಡೆಸಿಕೊಂಡು ಹೋದವರ ಕಾಲಿಗೆ ಕಾರಣ ಯಾವುದಾದರೂ ನೋವು ಒಂದೇ. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಹಾದುಹೋದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಕೊಂಕಣಿ ಕ್ರೈಸ್ತರ ದೊಡ್ಡ ಪೇಟೆಯಾಗಿದ್ದ ಫರಂಗಿಪೇಟೆ ಪಾಳುಬಿದ್ದದ್ದನ್ನು ಬರೆದಿಟ್ಟಿದ್ದಾನೆ.

ಆ ಕೆಡವುವಿಕೆಯಲ್ಲಿ ಉಳಿದ ಇಗರ್ಜಿ ಎಂದು ಕೆನರಾದ ಕ್ರೈಸ್ತ ಇತಿಹಾಸ ಹೆಸರಿಸುವುದು ಮೂಡುಬಿದಿರೆಯ ಬಳಿಯ ಹೊಸಪೇಟೆಯ ಪವಿತ್ರ ಶಿಲುಬೆಯ ಇಗರ್ಜಿಯನ್ನು. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಎಂದೂ ಆ ಇತಿಹಾಸ ಹೇಳುತ್ತದೆ. ಚೌಟರು ಜೈನರು. 1430ರ ಸಾವಿರ ಕಂಬದ ಬಸದಿಯ ಊರಿನವರು. ಆ ಹೊತ್ತಿಗೆ ಅವರ ಅಧಿಕಾರ ಬಹುಮಟ್ಟಿಗೆ ಸೋರಿಹೋಗಿತ್ತು. ಉಳಿದ ಅಲ್ಪ ವರ್ಚಸ್ಸನ್ನು ಇನ್ನೊಂದು ಮತದ ದೇವರ ಮನೆಗಾಗಿ ಬಳಸಿದ ಈ ಸಂಗತಿ ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಿತ್ತು. ಕಾರ್ಕಳದ ಅರಸನ ಕ್ರೌರ್ಯವನ್ನು ಮರೆಯದ ನಾಡು ಚೌಟನ ಸ್ನೇಹವನ್ನೂ ಮರೆಯಬಾರದು.

ನಡುಗುವವರನ್ನು ಹುಚ್ಚರೆಂದು ಕಂಡ ಯುರೋಪಿನ ಆ ನೋಟ ಮುಂದೆ ಹಡಗು ಹತ್ತಿ ಕರಾವಳಿಗೂ ಬಂತು. ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿತು, 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಬಂದವರಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಪಯಟಿಸ್ಟ್ ಪಂಥದವರು. ಎದೆಗೆ ತಟ್ಟುವ ವೈಯಕ್ತಿಕ ಭಕ್ತಿಯೇ ಆ ಪಂಥದ ಜೀವಾಳ. ಹಿಂದಿನ ಶತಮಾನದಲ್ಲಿ ಇಂಥ ಭಕ್ತರನ್ನು ಅವರದೇ ನಾಡಿನ ಪಂಡಿತರು ಭ್ರಾಂತರೆಂದು ಹೀಯಾಳಿಸಿದ್ದರು. ಆ ಹೀಯಾಳಿಕೆಯ ನೆನಪು ಇಲ್ಲಿ ಅವರನ್ನು ತಡೆಯಲಿಲ್ಲ, ಕೋಲದ ಗದ್ದೆಯಲ್ಲಿ ಅವರು ಕಂಡದ್ದು ಸೈತಾನನನ್ನೇ. ಅದೇ ಮಿಷನ್ನಿನ ಆಗಸ್ಟ್ ಮ್ಯಾನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ, ತುಳು ನಿಘಂಟನ್ನೂ ಸಿದ್ಧಪಡಿಸಿದ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು ಅವನು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂದವು. ಒಪ್ಪದ್ದನ್ನೂ ಅಕ್ಷರಕ್ಕೆ ಇಳಿಸಿಟ್ಟ ಅವರ ಶ್ರಮಕ್ಕೆ ನಾವು ಋಣಿಗಳು.

ದರ್ಶನದ ದೇಹವನ್ನು ಹತ್ತಿರದಿಂದ ನೋಡಬೇಕಾದರೆ ಸಿರಿಯ ಬಳಿಗೆ ಹೋಗಬೇಕು. ಬೆಳ್ತಂಗಡಿ ತಾಲೂಕಿನ ಉಜಿರೆ ಪಕ್ಕದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಆನೆಲಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಸೇರಿ ಅದನ್ನು ದಾಖಲಿಸಿದರು. ಒಟ್ಟು 15,683 ಸಾಲು. 1998ರಲ್ಲಿ ಪ್ರಕಟವಾದಾಗ ಅದು ಜಗತ್ತಿನ ಮಹಾಕಾವ್ಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಬೇಸಾಯ ಮಾಡಿ ಬದುಕುವ ಒಬ್ಬ ಹಾಡುಗಾರನ ನೆನಪಿನಲ್ಲಿ ಅಷ್ಟು ದೊಡ್ಡ ಕಾವ್ಯ ಜೀವಂತವಾಗಿತ್ತು.

ಕಥೆ ಹೆಣ್ಣಿನದು. ಸತ್ಯನಾಪುರದ ಬೆರ್ಮು ಆಳ್ವನಿಗೆ ಬೆರ್ಮೆರ ಪ್ರಸಾದದ ಪಿಂಗಾರದಿಂದ ಹುಟ್ಟಿದವಳು ಸಿರಿ. ಗಂಡ ಕಾಂತು ಪೂಂಜ ಅವಳ ಬಯಕೆಯ ಸೀರೆಯನ್ನು ಸೂಳೆ ಸಿದ್ದುವಿಗೆ ಉಡಿಸಿ ತಂದ. ಸಿರಿ ಆ ಸೀರೆಯನ್ನು ಒಲ್ಲೆನೆಂದಳು. ಬೆರ್ಮು ಆಳ್ವ ಸತ್ತ ಮೇಲೆ ಅರಮನೆಯ ಹಕ್ಕು ಕೇಳಿದರೆ ಊರ ಹಿರಿಯರು ಅವಳ ಪರ ನುಡಿಯಲಿಲ್ಲ. ಅವಳು ಗಂಡನ ಸಂಬಂಧವನ್ನು ತಾನೇ ಕಡಿದುಕೊಂಡು ಹಸುಗೂಸು ಕುಮಾರನೊಂದಿಗೆ ಹೊರಟಳು. ಮುಂದೆ ಎರಡನೆಯ ಮದುವೆಯಾಗಿ ಮಗಳು ಸೊನ್ನೆಯನ್ನು ಹೆತ್ತಳು. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಅಕ್ಕತಂಗಿಯರು ಚೆನ್ನೆಮಣೆ ಆಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು, ಕಡೆಗೆ ಇಬ್ಬರೂ ಬಾವಿಯ ಪಾಲಾದರು. ಅಕ್ಕತಂಗಿ ಜೊತೆಗೂಡಿ ಚೆನ್ನೆ ಆಡಬಾರದು ಎಂದು ಈಗಲೂ ಹಿರಿಯ ಹೆಂಗಸರು ಗದರುವುದು ಇದಕ್ಕೇ.

ಕವತ್ತಾರು, ನಂದಳಿಕೆ, ಹಿರಿಯಡ್ಕ ಮುಂತಾದ ಆಲಡೆಗಳ ಸಿರಿಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ. ಬಿಳಿ ಸೀರೆ, ಕೈಯಲ್ಲಿ ಪಿಂಗಾರ. ಕುಮಾರನ ಪಾತ್ರಿ ಪಾಡ್ದನ ಎತ್ತುತ್ತಿದ್ದಂತೆ ಒಬ್ಬೊಬ್ಬರಿಗೇ ನಡುಕ ಹತ್ತುತ್ತದೆ, ಕೂದಲು ಬಿಚ್ಚುತ್ತದೆ. ಹೊಗಾರ್ತ್ ಇಲ್ಲಿ ನಿಂತಿದ್ದರೆ ತನ್ನ ಚಿತ್ರವೇ ಎದ್ದುಬಂತೆಂದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ಹೆಚ್ಚು ನಿಂತಿದ್ದರೆ ಬೇರೆಯದನ್ನೂ ಕಾಣುತ್ತಿದ್ದ. ಕುಮಾರ ಆ ಹೆಣ್ಣನ್ನು ಪ್ರಶ್ನಿಸುತ್ತಾನೆ. ನೀನು ಯಾರು? ಸಿರಿಯೋ, ಸೊನ್ನೆಯೋ, ಅಬ್ಬಗನೋ, ದಾರಗನೋ? ಯಾಕೆ ಬಂದೆ? ನಿನಗೇನು ಕಡಿಮೆಯಾಯಿತು? ಹೊಸದಾಗಿ ದರ್ಶನ ಬಂದವಳು ಸುಮ್ಮನೆ ಅಳಬಹುದು, ಅರಚಬಹುದು. ಪಳಗಿದ ಸಿರಿಗಳು ಅವಳನ್ನು ಹಿಡಿದು, ಸಮಾಧಾನಿಸಿ, ಮಾತಿಗೆ ತರುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಜೆ. ಕ್ಲಾಸ್ 1975ರ ತಮ್ಮ ಲೇಖನದಲ್ಲಿ ಈ ಸಾಮೂಹಿಕ ಆವೇಶವನ್ನು ವಿವರವಾಗಿ ಬರೆದರು. ಮನೆಯಲ್ಲಿ ಬಾಯಿ ಬಿಡಲಾಗದ ಹೆಣ್ಣಿಗೆ ಅಲ್ಲಿ ಹೆಸರು ಸಿಗುತ್ತದೆ, ಕಥೆ ಸಿಗುತ್ತದೆ, ತನ್ನಂತೆಯೇ ನೊಂದ ಇತರರ ಗುಂಪು ಸಿಗುತ್ತದೆ. ಬೆಳಗಾಗುವ ಹೊತ್ತಿಗೆ ದರ್ಶನ ಇಳಿಯುತ್ತದೆ, ಅವರು ಬಸ್ಸು ಹಿಡಿದು ಊರಿಗೆ ಹೋಗುತ್ತಾರೆ.

ದರ್ಶನಕ್ಕೆ ಇಲ್ಲಿ ಜಾಗ ಗೊತ್ತು, ಹೊತ್ತು ಗೊತ್ತು, ಎದುರು ನಿಂತು ಕೇಳುವವರೂ ಇದ್ದಾರೆ. ಕೋಲದಲ್ಲೂ ಹಾಗೆಯೇ. ದೈವ ನುಡಿ ಕೊಟ್ಟರೆ ಗುತ್ತಿನವರು ಎದುರು ಮಾತಾಡುತ್ತಾರೆ, ಬಿನ್ನಹ ಮಾಡುತ್ತಾರೆ, ನುಡಿದ ಮಾತು ನಡೆಸಿಕೊಡಬೇಕೆಂದು ಪಟ್ಟು ಹಿಡಿಯುತ್ತಾರೆ. ಧರ್ಮಾಂಧನ ಗುರುತು ಇದಕ್ಕೆ ತದ್ವಿರುದ್ಧ. ಅವನ ಎದುರು ಯಾರೂ ಪ್ರಶ್ನೆ ಕೇಳುವಂತಿಲ್ಲ, ಅವನ ಆವೇಶಕ್ಕೆ ಇಳಿಯುವ ಗಳಿಗೆಯೂ ಇಲ್ಲ. ಆವೇಶ ಇರುವುದರಿಂದ ಅಪಾಯವಿಲ್ಲ, ಅದನ್ನು ಪ್ರಶ್ನಿಸುವವರ ಬಾಯಿ ಮುಚ್ಚಿದಾಗ ಅಪಾಯ ಎಂಬುದು ನನ್ನ ಗಟ್ಟಿ ನಂಬಿಕೆ. ತುಲೂಸಿನ ಪೀಠದ ಮುಂದೆಯೂ ಕಲ್ಕುಡ ಪಾಡ್ದನದ ಅರಮನೆಯಲ್ಲೂ ಕೇಳುವವರಿರಲಿಲ್ಲ.

ಇಷ್ಟು ಹೇಳಿ ನಮ್ಮ ಆಚರಣೆಗಳನ್ನು ಹೊಗಳಿ ಕೈಮುಗಿದರೆ ಅರ್ಧ ಸತ್ಯವಾದೀತು. ಕೋಲ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದವರಿಗೆ ಅಣಿ ಬಿಚ್ಚಿದ ಮರುದಿನ ಸಮಾಜ ಕೊಟ್ಟ ಸ್ಥಾನ ಯಾವುದೆಂದು ಎಲ್ಲರಿಗೂ ಗೊತ್ತು. ರಾತ್ರಿ ದೈವದ ಎದುರು ಬಗ್ಗಿದ ತಲೆ ಹಗಲು ಅದೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸಿತ್ತು. ಸಿರಿಯೂ ಅಷ್ಟೇ. ಜಾತ್ರೆಯಲ್ಲಿ ಅವಳ ಮಾತು ಕೇಳಿದ ಗಂಡ, ಅತ್ತೆ, ಅಣ್ಣಂದಿರು ಮನೆಯಲ್ಲಿ ಅದೇ ಮಾತಿಗೆ ಕಿವಿಗೊಡುತ್ತಾರೆಂಬ ಖಾತ್ರಿಯಿಲ್ಲ. ವರ್ಷಕ್ಕೊಂದು ರಾತ್ರಿಯ ಬಿಡುಗಡೆ ಉಳಿದ ದಿನಗಳ ಅನ್ಯಾಯಕ್ಕೆ ಒಪ್ಪಿಗೆಯಾಗಬಾರದು.

ದರ್ಶನ ಬೇರೆ, ಕಾಯಿಲೆ ಬೇರೆ ಎಂಬ ತಿಳಿವಳಿಕೆಯೂ ಬೇಕು. ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪ್ರಕಟಿಸಿದರು. ಅಲ್ಲಿಯ ಜನ ನಾಟಿವೈದ್ಯರು, ಮಂತ್ರವಾದಿಗಳು, ಪಾತ್ರಿಗಳು, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂಬ ಹಟ ಅವರಿಗಿರಲಿಲ್ಲ. ಆ ವಿವೇಕವೇ ಸರಿ. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದೇಶವೇ ನೋಡಿತು. ದರ್ಗಾದ ಆಸರೆಯಲ್ಲಿ ಗುಣವಾಗಲೆಂದು ಬಿಟ್ಟುಹೋಗಿದ್ದ ರೋಗಿಗಳು ಖಾಸಗಿ ಆಶ್ರಯ ಮನೆಯೊಂದರಲ್ಲಿ ಸರಪಳಿಯಲ್ಲಿದ್ದರು. ಬೆಂಕಿ ಬಿದ್ದಾಗ ಓಡಲಾಗದೆ 28 ಮಂದಿ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಸಿರಿಯ ದರ್ಶನ ಬರುವ ಅಕ್ಕನನ್ನು ಹುಚ್ಚಿ ಎನ್ನಬೇಡಿ, ಅವಳು ಏನು ಹೇಳುತ್ತಿದ್ದಾಳೆಂದು ಕೇಳಿ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಬಿಟ್ಟು, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ನಡುಗುವ ಮಗನನ್ನು ಮುಂದಿನ ನೇಮದವರೆಗೆ ಕಾಯಿಸಬೇಡಿ. ಹರಕೆ ಹೊತ್ತುಕೊಳ್ಳಿ, ಆದರೆ ಅದೇ ವಾರ ಡಾಕ್ಟರಲ್ಲಿಗೂ ಕರೆದುಕೊಂಡು ಹೋಗಿ. ಹೋಗಲು ಅಂಜಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.